ಹೋದವರು ಎಲ್ಲಿಗೆ ಹೋದರು ಎಂದು ಕೇಳುವಾಕೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗಲ್ಲಿಯ ಬಾಯಲ್ಲಿ ಅಂಗಡಿಯೊಂದರ ಷಟರ್ ಅರ್ಧಕ್ಕೆ ಎದ್ದು ನಿಂತಿದೆ. ಖಾಲಿ ಹಾಲಿನ ಕ್ರೇಟುಗಳ ಮೇಲೆ ಬೆಕ್ಕೊಂದು ಮುದುಡಿ ಕೂತಿದೆ. ಆಕೆ ಮೊದಲ ಮನೆಯ ಮುಂದೆ ನಿಂತು ಚೀಲದೊಳಗೆ ಕನ್ನಡಕ ಹುಡುಕುತ್ತಿದ್ದಾರೆ. ಕನ್ನಡಕ ತಲೆಯ ಮೇಲೇ ಇದೆ. ನಾನು ಹೇಳುವಷ್ಟರಲ್ಲಿ ಬಾಗಿಲು ತೆರೆಯುತ್ತದೆ. ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡ ಮನೆಯಾತ ಒಳಕ್ಕೆ ತಿರುಗಿ, "ಏಳು, ಲೆಕ್ಕದಕ್ಕ ಬಂದ್ರು" ಎಂದು ಕೂಗಿ ನಲ್ಲಿಯ ಕಡೆ ಹೋಗುತ್ತಾನೆ.

"ಇನ್ನೊಂದು ಗಂಟೆ ಬಿಟ್ಟು ಬಂದರೆ ಬಾಗಿಲು ಸಿಗುತ್ತೆ, ಮನುಷ್ಯರು ಸಿಗಲ್ಲ" ಎನ್ನುತ್ತಾರೆ ಲೆಕ್ಕದಕ್ಕ. ಈ ಗಲ್ಲಿಯವರೆಲ್ಲ ಹೊಟ್ಟೆಪಾಡಿಗೆ ಬೇಗ ಹೊರಡುವವರು. ಹಾಗಾಗಿ ಇವರು ಅವರಿಗಿಂತ ಬೇಗ ಹೊರಡಬೇಕು. ಜೊತೆಗೆ ಬರುತ್ತೇನೆಂದು ಬಾಯಿ ತಪ್ಪಿ ಹೇಳಿದ ನಾನು ಅದಕ್ಕಿಂತಲೂ ಬೇಗ ಏಳಬೇಕಾಯಿತು. ನನ್ನ ಮುಖದಲ್ಲಿ ಅದು ಕಾಣುತ್ತಿರಬೇಕು. ಮುಂದಿನ ಮನೆಯಲ್ಲಿ ಕೇಳದೆಯೇ ನನಗೊಂದು ಸ್ಟೂಲು ಹಾಕಿಸುತ್ತಾರೆ.

ಕೆಲಸ ಹೇಳುವುದಕ್ಕೆ ಸುಲಭ. ಜನಸಂಖ್ಯೆಯನ್ನು ಅಧ್ಯಯನ ಮಾಡುವ ಕಚೇರಿಯೊಂದು ಅಲ್ಲೊಂದು ಇಲ್ಲೊಂದು ಬಡಾವಣೆ ಆರಿಸಿಕೊಂಡಿದೆ. ಆರು ತಿಂಗಳಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಹೊಸದಾಗಿ ಬಂದರು, ಯಾರು ಬಿಟ್ಟು ಹೋದರು ಎಂದು ಕೇಳಬೇಕು. ಅಂಚು ಮುಟ್ಟಿ ನೋಡಿ ಇಡೀ ಬಟ್ಟೆಯ ಸುರುಳಿ ಹೇಗಿದೆಯೆಂದು ಹೇಳುವ ವ್ಯಾಪಾರಿಯ ಹಾಗೆ, ಈ ಕೆಲವೇ ಗಲ್ಲಿಗಳಿಂದ ಕಚೇರಿ ಇಡೀ ಸೀಮೆಯ ಜನನ, ಮರಣ, ಸರಾಸರಿ ಆಯಸ್ಸನ್ನೆಲ್ಲ ಅಂದಾಜು ಮಾಡುತ್ತದೆ. ಮೊದಲು ಒಬ್ಬ ಕಿರಿಯ ಹುಡುಗಿ ಮನೆಮನೆಗೂ ಹೋಗಿ ಕೇಳಿ ಬರುತ್ತಾಳೆ. ಆಮೇಲೆ, ಅವಳು ಬರೆದದ್ದನ್ನು ನೋಡದೆಯೇ, ಲೆಕ್ಕದಕ್ಕ ಹೋಗಿ ಕೇಳುತ್ತಾರೆ. ಎರಡೂ ಹೊಂದದ ಮನೆಗಳಿಗೆ ಮೂರನೇ ಸಲ ಹೋಗಬೇಕು.

ಇವತ್ತು ಆ ಮೂರನೇ ಸಲ. ಪೇಸ್ಟಿನ ನೊರೆಯಾತನ ಆ ಮೊದಲ ಮನೆಯಲ್ಲಿ ಕಿರಿಯ ಹುಡುಗಿ ಮೂರು ಮಕ್ಕಳನ್ನು ಬರೆದಿದ್ದಾಳೆ, ಅಕ್ಕ ಎರಡು. ವಿಚಾರಿಸಿದರೆ ಮೂರನೆಯದು ಮನೆಯಾಕೆಯ ತಂಗಿಯ ಮಗಳು, ಓದಲು ಬಂದವಳು. ಅಕ್ಕ ಮೊದಲು ಬಂದಾಗ ಶಾಲೆಗೆ ಹೋಗಿದ್ದಳು. "ಇಲ್ಲೇ ಉಣ್ತಾಳೆ, ಇಲ್ಲೇ ಮಲಗ್ತಾಳೆ, ನನ್ನ ಹತ್ರಾನೇ ಬೈಸ್ಕೊಳ್ತಾಳೆ. ಬರ್ಕೊಳಕ್ಕ, ನಮ್ಮವಳೇ" ಎನ್ನುತ್ತಾಳೆ ಮನೆಯಾಕೆ. ಅಕ್ಕ ಬರೆದುಕೊಳ್ಳುತ್ತಾರೆ. ತಂಗಿಯ ಮಗಳು ಪರದೆಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ.

ಸಾವನ್ನು ಕೇಳುವ ರೀತಿ ಬೇರೆ. ಈ ಮನೆಯಲ್ಲಿ ಯಾರಾದರೂ ಸತ್ತರೇ ಎಂದು ಇವರು ಎಂದೂ ಕೇಳುವುದಿಲ್ಲ. ಹೋದ ಸಲದ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದುತ್ತಾರೆ. "ಇದ್ದಾರೆ, ಇದ್ದಾರೆ, ಕೆಲಸಕ್ಕೆ ಹೋಗಿದ್ದಾರೆ ಅಂತ ಹೇಳ್ತಾ ಇರ್ತಾರೆ. ಇಲ್ಲದವರ ಹೆಸರು ಬಂದ ತಕ್ಷಣ ಮನೆ ಸುಮ್ಮನಾಗುತ್ತೆ. ಆಗ ನಾನೂ ಪೆನ್ನು ಮುಚ್ಚಿ ಸುಮ್ಮನೆ ಕೂತ್ಕೋತೀನಿ. ಅವರೇ ಹೇಳ್ತಾರೆ. ಹೇಳೋಕೆ ಶುರು ಮಾಡಿದರೆ ನಿಲ್ಲಿಸೋದು ಕಷ್ಟ, ಸರ್." ಎಷ್ಟೋ ಮನೆಗಳಲ್ಲಿ ಆ ಸಾವಿನ ಬಗ್ಗೆ ಅಷ್ಟು ಹೊತ್ತು ಕೂತು ಕೇಳಿದವರು ಇವರೊಬ್ಬರೇ ಇರಬೇಕು. ಕೇಳಿ ಕೇಳಿ ಇವರು ದಣಿದಿದ್ದಾರೆ, ಅದನ್ನು ಮುಚ್ಚಿಡುವುದೂ ಇಲ್ಲ. "ಸಂಜೆ ಮನೆಗೆ ಹೋದರೆ ಯಾರ ಮಾತೂ ಬೇಡ ಅನ್ಸುತ್ತೆ. ಮಾತಾಡೋರೂ ಇಲ್ಲ ಬಿಡಿ, ಅದೊಂದು ಅನುಕೂಲ."

ವಯಸ್ಸು ಐವತ್ತಾರು. ಗಂಡ ಇದೇ ಕಚೇರಿಯ ಜೀಪು ಓಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಕಚೇರಿ ಇವರನ್ನು ತಾತ್ಕಾಲಿಕವಾಗಿ ಸೇರಿಸಿಕೊಂಡಿತು. ಆ ತಾತ್ಕಾಲಿಕ ಇಪ್ಪತ್ತೆರಡು ವರ್ಷಗಳಿಂದ ಮುಂದುವರಿದಿದೆ. ಮಕ್ಕಳಿಲ್ಲ. ಜೊತೆಗಿದ್ದ ಒಡಹುಟ್ಟಿದ ಅಕ್ಕ ಎರಡು ವರ್ಷದ ಹಿಂದೆ ತೀರಿಕೊಂಡರು. ದಿನಕ್ಕೆ ಮೂವತ್ತು ಮನೆ, ಮನೆಗೆ ಎಷ್ಟು ಮಹಡಿಯಿದೆಯೋ ಅಷ್ಟು ಮೆಟ್ಟಿಲು. ತೆರಿಗೆಯವರೆಂದು ತಿಳಿದು ಒಳಗಿನಿಂದಲೇ ಚಿಲಕ ಹಾಕಿಕೊಂಡವರಿದ್ದಾರೆ, ಬೇಕೆಂದೇ ನಾಯಿ ಬಿಟ್ಟವರಿದ್ದಾರೆ. ಈ ಅಂಕಣ ಎಲೆಮರೆಯ ಕಾಯಿಗಳ ಬಗ್ಗೆ ಎಂದು ಹೇಳಿದಾಗ ಆಕೆ ಮೊದಲ ಸಲ ನಕ್ಕರು. "ಕಾಯೆಲ್ಲಿ ಬಂತು ಸರ್, ಹಣ್ಣಾಗಿ ಉದುರೋ ವಯಸ್ಸು."

ಬೆಳಗಿನ ಮನೆಗಳು ಮುಗಿದ ಮೇಲೆ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಕಾಲು ಚಾಚುತ್ತಾರೆ. ಇನ್ನೊಂದು ಮನೆ ಉಳಿದಿದೆ. ಅಲ್ಲಿಗೆ ಹೋಗಬೇಕಾದ ಅಗತ್ಯವೇ ಇಲ್ಲ. ಯಾಕೆಂದರೆ ಆ ಮನೆಯ ಲೆಕ್ಕ ಹೊಂದಿದೆ.

"ಹೊಂದಿದ್ದೇ ತಲೆನೋವಾಗಿದೆ" ಎನ್ನುತ್ತಾರೆ.

ಗಲ್ಲಿಯ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಅಲ್ಲೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಹೊಲಿಗೆ ಯಂತ್ರ ರಿಪೇರಿಯವರು ಎಂದಿಟ್ಟುಕೊಳ್ಳಿ. ನಿಜವಾದ ಕಸುಬು ಬೇರೆ. ಅದನ್ನು ಬದಲಾಯಿಸಿ ಬರೆಯಬೇಕು, ಗಲ್ಲಿ ಯಾವುದೆಂದು ಗೊತ್ತಾಗಬಾರದು ಎಂದು ಲೆಕ್ಕದಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಗಲ್ಲಿಯವರ ಬಾಯಲ್ಲಿ ಅವರು ಮಿಷನ್ ಅಣ್ಣ. ಅವರ ಮನೆಯ ಹಾಳೆಯಲ್ಲಿ ಇದ್ದದ್ದು ಒಂದೇ ಹೆಸರು. ಅಕ್ಕ ಅದನ್ನು ಓದಿದಾಗಲೆಲ್ಲ ಆ ಮನುಷ್ಯ ಶಾಲೆಯ ಹುಡುಗನ ಹಾಗೆ ಎದ್ದು ನಿಂತು "ಹಾಜರ್" ಎನ್ನುತ್ತಿದ್ದರಂತೆ. ಪ್ರತಿ ಸಲವೂ ಅದೇ ತಮಾಷೆ. ಪ್ರತಿ ಸಲವೂ ಇಬ್ಬರೂ ನಗುತ್ತಿದ್ದರಂತೆ.

ಈ ಸಲ ಕೋಣೆಯಲ್ಲಿ ಹೊಸ ಗಂಡಹೆಂಡತಿ ಇದ್ದಾರೆ. ಮಿಷನ್ ಅಣ್ಣ ಎಲ್ಲಿ ಎಂದರೆ ಕಟ್ಟಡದ ಮಾಲೀಕರು, "ಖಾಲಿ ಮಾಡ್ಕೊಂಡು ಹೋದರು" ಎಂದು ಕಿರಿಯ ಹುಡುಗಿಗೂ ಹೇಳಿದ್ದಾರೆ, ಇವರಿಗೂ ಹೇಳಿದ್ದಾರೆ. ಎರಡೂ ಕಡೆ 'ಬೇರೆ ಕಡೆಗೆ ಹೋದರು' ಎಂದೇ ಬರೆದಾಗಿದೆ. ಕಚೇರಿಗೆ ಅಷ್ಟು ಸಾಕು. ಆದರೆ ಎಲ್ಲಿಗೆ ಎಂದು ಕೇಳಿದಾಗ ಮಾಲೀಕರು ಮೊದಲು ತಮ್ಮನ ಮನೆ ಎಂದರು, ಆಮೇಲೆ ಗೊತ್ತಿಲ್ಲ ಎಂದರು. "ಬಿಟ್ಟು ಹೋದವರಿಗೆ ಒಂದು ಊರಿರುತ್ತೆ, ಸರ್. ಒಂದು ವಿಳಾಸ ಇಲ್ಲದಿದ್ದರೂ, ಆ ಕಡೆ ಎಲ್ಲೋ ಅಂತ ಕೈಯಾದ್ರೂ ತೋರಿಸ್ತಾರೆ. ಇವರು ಕೈಯೂ ಎತ್ತಲಿಲ್ಲ."

ಕಚೇರಿಯಲ್ಲಿ ಈ ಅಂಕಿಗಳನ್ನು ಕೂಡಿಸಿ ಕಳೆಯುವ ಸಂಶೋಧಕಿಯನ್ನು ನಾನು ಫೋನಿನಲ್ಲಿ ಮಾತಾಡಿಸಿದೆ. ಅವರಿಗೂ ಇದೇ ಚಿಂತೆ. "ನಾವು ಸತ್ತವರ ಬಗ್ಗೆ ಬದುಕಿರೋರನ್ನ ಕೇಳ್ತೀವಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ರೆ ಕೇಳೋದು ಯಾರನ್ನ? ಒಂಟಿಯಾಗಿ ಸತ್ತವರು ಹೀಗೇ ನಮ್ಮ ಕೈಯಿಂದ ಜಾರಿ ಹೋಗ್ತಾರೆ. ಅವರನ್ನ ಬಿಟ್ಟು ಲೆಕ್ಕ ಹಾಕಿದ್ರೆ ಎಲ್ಲರ ಆಯಸ್ಸೂ ಇರೋದಕ್ಕಿಂತ ಜಾಸ್ತಿ ಕಾಣುತ್ತೆ." ಕೇಳಿದವರು ಖುಷಿಪಡಬಹುದಾದ ಸುಳ್ಳು ಅದು.

ನಾಳೆ ಈ ಸುತ್ತಿನ ಲೆಕ್ಕ ಮುಗಿಯುತ್ತದೆ. ಇವತ್ತು ಸರಿ ಮಾಡದಿದ್ದರೆ ಮುಂದಿನ ಪಟ್ಟಿಯಲ್ಲಿ ಮಿಷನ್ ಅಣ್ಣನ ಹೆಸರು ಇರುವುದಿಲ್ಲ. ಹೆಸರಿಲ್ಲದಿದ್ದರೆ ಅದನ್ನು ಓದುವವರೂ ಇರುವುದಿಲ್ಲ. ಇದ್ದವರ ಲೆಕ್ಕಕ್ಕೂ ಸೇರದೆ ಸತ್ತವರ ಲೆಕ್ಕಕ್ಕೂ ಸೇರದೆ ಅವರು ಹಾಗೇ ಉಳಿದುಬಿಡುತ್ತಾರೆ. ಲೆಕ್ಕದಕ್ಕ ಲೋಟ ಕೆಳಗಿಟ್ಟು, ಮಂಡಿಗೆ ಕೈಕೊಟ್ಟು ಏಳುತ್ತಾರೆ.

ಕಟ್ಟಡದ ಬುಡದಲ್ಲಿ ಇಸ್ತ್ರಿಯಾಕೆಯ ಮೇಜು. ಅಕ್ಕ ಏನನ್ನೂ ಕೇಳದೆ ನೆರಳಿಗೆ ನಿಂತು ಬೆವರು ಒರೆಸಿಕೊಳ್ಳುತ್ತಾರೆ. ಅವರ ಕಣ್ಣು ಮೇಜಿನ ಕೆಳಗೆ ನೆಟ್ಟಿದೆ. ಅಲ್ಲಿ ಹಸಿರು ಬಣ್ಣದ ತಗಡಿನ ಪೆಟ್ಟಿಗೆಯ ಮೇಲೆ ಇದ್ದಿಲಿನ ಚೀಲ ಕೂತಿದೆ.

"ಇದು ಅಣ್ಣನ ರಿಪೇರಿ ಪೆಟ್ಟಿಗೆ ಅಲ್ವಾ?"

ಇಸ್ತ್ರಿಯಾಕೆ ಮಡಿಸುತ್ತಿದ್ದ ಅಂಗಿಯ ಕಾಲರನ್ನು ಇನ್ನೊಮ್ಮೆ ಒತ್ತುತ್ತಾಳೆ. "ಹೂಂ."

"ಮನೆ ಖಾಲಿ ಮಾಡೋರು ಹೊಟ್ಟೆಪಾಡಿನ ಪೆಟ್ಟಿಗೆ ಬಿಟ್ಟು ಹೋಗ್ತಾರಾ?"

"ನನ್ನ ಕೇಳಬೇಡ ಅಕ್ಕ. ಮಾಲೀಕರ ಜಾಗ ಇದು." ಆಮೇಲೆ ಆಕೆಯೇ ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹೇಳುತ್ತಾಳೆ. ಬೇಸಿಗೆ ಶುರುವಿನಲ್ಲಿ. ಎರಡು ದಿನ ಬಾಗಿಲು ತೆಗೆದಿರಲಿಲ್ಲ. ಇಸ್ತ್ರಿಗೆ ಕೊಟ್ಟ ಒಂದೇ ಒಂದು ಒಳ್ಳೆ ಅಂಗಿಯನ್ನು ಕೊಡಲು ಮೇಲೆ ಹೋದವಳು ಇವಳೇ. "ಆ ಅಂಗಿನೇ ತೊಡಿಸಿ ಕಳಿಸಿದ್ವಿ" ಎನ್ನುತ್ತಾಳೆ.

ಒಬ್ಬರ ಮಾತಿನ ಮೇಲೆ ಸಾವನ್ನು ಬರೆಯುವ ಹಾಗಿಲ್ಲ. ಮನೆಯವರಿಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಹೇಳಬೇಕು. ಹಾಗಾಗಿ ನೆಲಮಹಡಿಯ ಮಾಲೀಕರ ಬಾಗಿಲು. ಬಾಡಿಗೆಯ ಮೇಲೆ ಜೀವನ ಮಾಡುವ, ಬನಿಯನ್ ತೊಟ್ಟ ದಪ್ಪ ಮನುಷ್ಯ. ನಮ್ಮನ್ನು ನೋಡಿದ ಕೂಡಲೇ ಮುಖ ಗಂಟಿಕ್ಕುತ್ತಾರೆ.

"ಹೇಳಿದ್ನಲ್ಲಮ್ಮ. ಎಷ್ಟು ಸಲ ಹೇಳಬೇಕು?"

"ಎಲ್ಲಿಗೆ ಹೋದರು ಅನ್ನೋದೊಂದು ಹೇಳಿ. ಬರ್ಕೊಂಡು ಹೋಗ್ಬಿಡ್ತೀನಿ."

ಅವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೇನೋ ಹೇಳುತ್ತಾರೆ. ಅಕ್ಕ ಪೆನ್ನು ಮುಚ್ಚುತ್ತಾರೆ. ಕುರ್ಚಿಯಲ್ಲಿ ಕೂತು, ಪಟ್ಟಿಯಲ್ಲಿರುವ ಆ ಒಂದೇ ಹೆಸರನ್ನು ಮೆಲ್ಲಗೆ ಓದುತ್ತಾರೆ. ಮನೆ ಸುಮ್ಮನಾಗುತ್ತದೆ. ಒಳಗೆಲ್ಲೋ ಮಿಕ್ಸಿ ತಿರುಗಿ ನಿಲ್ಲುತ್ತದೆ. ನಾನು ಕಿಟಕಿಯ ಕಡೆ ನೋಡುತ್ತೇನೆ.

"ಅಮ್ಮ, ಮೇಲಿರೋರಿಗೆ ಗೊತ್ತಾದರೆ ಇವತ್ತೇ ಖಾಲಿ ಮಾಡ್ತಾರೆ. ಹಸುಗೂಸು ಬೇರೆ ಇದೆ. ಆ ಕೋಣೇನ ಮತ್ತೆ ಯಾರು ತಗೋತಾರೆ?"

"ನಾನು ಕೇಳೋಕೆ ಬಂದವಳು. ಹೇಳೋಕೆ ಬಂದವಳಲ್ಲ. ಒಂದು ಮನೆ ಮಾತು ಇನ್ನೊಂದು ಮನೆಗೆ ದಾಟಿಸಿದ್ರೆ ಇಷ್ಟು ವರ್ಷ ಈ ಗಲ್ಲಿಯಲ್ಲಿ ನನಗೆ ನೀರು ಕೊಡ್ತಿದ್ರಾ?"

ಮಾಲೀಕರು ಎದ್ದು ಹೊರಬಾಗಿಲು ಮುಂದೆ ಮಾಡುತ್ತಾರೆ. ಕೊನೆಗೆ ಬಾಯಿಬಿಡುತ್ತಾರೆ. ಬಾಗಿಲು ಒಡೆದದ್ದು ಅವರೇ. ಸತ್ತವರ ತಮ್ಮನಿಗೆ ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿರಲಿಲ್ಲ. ಮಣ್ಣು ಮಾಡಲು ಹೋದದ್ದು ಇವರು ಮತ್ತು ಇಸ್ತ್ರಿಯಾಕೆಯ ಗಂಡ, ಇಬ್ಬರೇ. "ಮರಣದ ಸರ್ಟಿಫಿಕೇಟು ಮಾಡಿಸಲಿಲ್ಲ. ಮಾಡಿಸಿ ಯಾರ ಕೈಗೆ ಕೊಡಲಿ? ಹದಿನಾಲ್ಕು ವರ್ಷ ನನ್ನ ಮನೇಲಿದ್ದ. ಒಂದು ದಿನ ಜೋರು ಮಾತಿಲ್ಲ. ಅವನು ಖಾಲಿ ಮಾಡ್ಕೊಂಡು ಹೋದ ಅಂತ ಎಲ್ಲರಿಗೂ ಹೇಳಿ ಹೇಳಿ ನಂಗೂ ಹಾಗೇ ಅನ್ಸೋಕೆ ಶುರುವಾಗಿತ್ತು." ಅಲ್ಲಿಯವರೆಗೆ ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಇಳಿದುಹೋಗುತ್ತದೆ.

ಅಕ್ಕ ಬರೆದುಕೊಳ್ಳುತ್ತಾರೆ. ಸಾವು ಎಂದು ಬರೆದ ಮೇಲೆ ಕಾರಣ ವಿಚಾರಿಸಲು ಕಚೇರಿಯಿಂದ ಇನ್ನೊಬ್ಬರು ಬರುತ್ತಾರೆ. ಅವರು ಮಹಡಿ ಹತ್ತಬಾರದು, ಕೆಳಗೇ ಕೇಳಿಕೊಂಡು ಹೋಗಬೇಕು ಎಂದು ಹಾಳೆಯ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದು ಮಾಲೀಕರಿಗೆ ತೋರಿಸುತ್ತಾರೆ.

ಇಷ್ಟಾದರೂ ಮೂರನೇ ಮಹಡಿ ತಪ್ಪುವುದಿಲ್ಲ. ಹೋದ ಸಲ ಬಂದಾಗ ಮಗು ಇನ್ನೂ ಹುಟ್ಟಿರಲಿಲ್ಲ, ಕಣ್ಣಾರೆ ನೋಡದೆ ಬರೆಯುವುದು ಇವರ ಅಭ್ಯಾಸವಲ್ಲ. ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತೇವೆ. ಕೋಣೆಗೆ ಹೊಸ ಸುಣ್ಣ. ಬಾಗಿಲಿಗೆ ಹೊಸ ಚಿಲಕ, ಅದರ ಸುತ್ತ ಬಣ್ಣ ಕಾಣದ ಹಸಿ ಮರ. ಬಾಣಂತಿ ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟುತ್ತಿದ್ದಾಳೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. "ಹೆಣ್ಣು, ಹೆಸರಿಲ್ಲ" ಎಂದು ಅಕ್ಕ ಬರೆಯುತ್ತಾರೆ.

"ನಮಗಿಂತ ಮುಂಚೆ ಇಲ್ಲಿ ಯಾರಿದ್ರು ಅಕ್ಕ? ಕಿಟಕಿ ಹತ್ರ ಗೋಡೇಲಿ ಒಂದಷ್ಟು ಮೊಳೆ ಹೊಡೆದಿದ್ದಾರೆ. ಬಟ್ಟೆ ನೇತುಹಾಕೋಕೆ ಸರಿಯಾಯ್ತು."

"ರಿಪೇರಿ ಕೆಲಸದೋರು. ಒಳ್ಳೆ ಮನುಷ್ಯ" ಎಂದಷ್ಟೇ ಹೇಳಿ ಅಕ್ಕ ಮಗುವಿನ ಅಂಗಾಲು ಮುಟ್ಟುತ್ತಾರೆ.

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ನಿಂತು ನನಗೆ ಹೇಳುತ್ತಾರೆ: "ಒಂದೇ ಮನೆ ನಂಬರು. ಒಂದು ಕಳೀತು, ಒಂದು ಕೂಡ್ತು. ಆಫೀಸಿನಲ್ಲಿ ಹುಟ್ಟು ಸಾವಿನ ಮೊತ್ತ ನೋಡಿದ್ರೆ ಏನೂ ಆಗಿಲ್ಲ ಅನ್ಸುತ್ತೆ." ಅವರಿಗೆ ಅಳು ಬಂದಿದೆಯೋ ಬರೀ ಏದುಸಿರೋ ನನಗೆ ತಿಳಿಯುವುದಿಲ್ಲ. ಕೈಹಿಡಿದು ಇಳಿಸುತ್ತೇನೆ.

ಸಂಜೆ ಅವರ ಮನೆಯಲ್ಲಿ ಕೂತಿದ್ದೇವೆ. ಒಂದು ಕೋಣೆ, ಒಂದು ಅಡುಗೆಮನೆ, ಎರಡು ಮಂಚ. ತೀರಿಹೋದ ಅಕ್ಕನ ಮಂಚವನ್ನು ತೆಗೆಸಿಲ್ಲ, ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿದೆ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಳಿಬಿಟ್ಟು ಕಣ್ಣುಮುಚ್ಚಿದ್ದಾರೆ. ಕಚೇರಿ ಬರುವ ಸುತ್ತಿನಿಂದ ಹೊಸ ಬಡಾವಣೆಗಳನ್ನು ಆರಿಸಿಕೊಳ್ಳುತ್ತಿದೆ. ಅದರಲ್ಲಿ ಇವರದೇ ಬೀದಿಯೂ ಬಂದಿದೆ. ಸ್ವಂತ ಬೀದಿಯ ಲೆಕ್ಕ ಮಾಡುವ ಹಾಗಿಲ್ಲ. ಆ ಕಿರಿಯ ಹುಡುಗಿ ಬರುತ್ತಾಳೆ. ಇನ್ನು ಮೇಲೆ ಇವರ ಮನೆಯ ಹಾಳೆಯಲ್ಲೂ ಒಂದೇ ಹೆಸರು.

ಕಚೇರಿಯಿಂದ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೆಲಸ ಕಾಯಂ ಆಗಲಿ ಎನ್ನುತ್ತಾರೇನೋ ಎಂದು ಪೆನ್ನು ತೆಗೆದಿದ್ದೇನೆ. ಅವರು ಕಣ್ಣು ಬಿಡದೆಯೇ ಹೇಳುತ್ತಾರೆ.

"ಆ ಹುಡುಗಿಗೆ ಹೇಳಿದ್ದೀನಿ, ನನ್ನ ಬಾಗಿಲಿಗೆ ಬೀಗ ಇದ್ರೆ ಸುಮ್ನೆ ಬರ್ಕೊಂಡು ಹೋಗ್ಬೇಡ, ಎದುರು ಮನೆಯಲ್ಲಿ ಒಂದು ಮಾತು ಕೇಳು ಅಂತ. ಎದುರು ಮನೆಯವಳಿಗೂ ಹೇಳಿದ್ದೀನಿ. ಅಳೋರು ಬೇಕು ಅಂತಿಲ್ಲ ಸರ್. ನನ್ನ ಹೆಸರು ಓದಿದಾಗ, ಅವರಿಲ್ಲ ಅಂತ ಹೇಳೋಕೆ ಒಬ್ಬರಿದ್ರೆ ಸಾಕು."