ಬಲಗಿವಿಯಕ್ಕ ಕತ್ತಿ ಮಸೆಯಲು ಕಲಿತದ್ದು

ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಲಗಿವಿಯಕ್ಕ ಎಂದೇ ಕರೆಯುತ್ತಿದ್ದರು. ಯಾರಾದರೂ ಎಡಗಡೆ ನಿಂತು ಮಾತಾಡಿದರೆ, "ಈ ಕಡೆ ಬಾರಪ್ಪಾ, ಆ ಕಡೆ ಬಾಗಿಲು ಹಾಕಿದೆ," ಎಂದು ಬಲಗಿವಿಯನ್ನು ಮುಂದೆ ಮಾಡುತ್ತಿದ್ದಳು. ಆ ಬಾಗಿಲು ಹಾಕಿದವನು ಗಂಡ. ಮದುವೆಯಾದ ಎರಡನೆಯ ವರ್ಷ, ಅಂಗಿಗೆ ಗುಂಡಿ ಹೊಲಿದಿಲ್ಲವೆಂದು ಅವನು ಬಿಟ್ಟ ಏಟಿಗೆ ಕಿವಿಯೊಳಗೆ ಏನೋ ಹರಿದು, ಮೂರು ದಿನ ದಿಂಬಿನ ಮೇಲೆ ರಕ್ತ ಇಳಿದಿತ್ತು. ಡಾಕ್ಟರು ಕೇಳಿದಾಗ ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದಳು.

ಗಂಡ ಲೇತ್ ಮೆಷಿನ್ನಿನ ಕೆಲಸಗಾರ. ಕೋಪ ಸದಾ ಮೂಗಿನ ತುದಿಯಲ್ಲಿ. ಐವತ್ತೆರಡನೆಯ ವಯಸ್ಸಿನಲ್ಲಿ ಮೇಸ್ತ್ರಿಯ ಮುಖಕ್ಕೆ ಸ್ಪ್ಯಾನರ್ ಬೀಸಿ ಎರಡು ಹಲ್ಲು ಉದುರಿಸಿ, ಕೆಲಸದಿಂದ ಅಮಾನತಾಗಿ ಮನೆಯಲ್ಲಿ ಕೂತ. ಮಗಳು ಮದುವೆಯಾಗಿ ಗಂಡನ ಮನೆ ಸೇರಿದ್ದಳು; ಇನ್ನು ಕೈಗೆ ಸಿಗುವವಳು ಇವಳೊಬ್ಬಳೇ.

ಅದೇ ದಿನಗಳಲ್ಲಿ ಅವಳ ತಮ್ಮ ಒಂದು ಪೊಟ್ಟಣ ಹಿಡಿದು ಬಂದ. ಒಳಗೆ ಅವರಪ್ಪನ ಕ್ಷೌರದ ಕತ್ತಿ. ಕೊಂಬಿನ ಹಿಡಿ, ಅಲಗಿನ ತುಂಬ ತುಕ್ಕು, ಬಾಯಲ್ಲಿ ಸಾಸಿವೆಯಷ್ಟು ಮುಕ್ಕು. ಅಪ್ಪ ಆ ಕತ್ತಿಯಿಂದಲೇ ನಲವತ್ತು ವರ್ಷ ಅಂಗಡಿ ನಡೆಸಿದ್ದ. ಮಸೆಯುವುದನ್ನು ಮಗನಿಗೆ ಮಾತ್ರ ಕಲಿಸಿದ್ದ. ಮಗ ಫೋನಿನ ಕವರು ಮಾರಲು ಹೋದ.

"ನನಗಿದು ಬೇಡ ಅಕ್ಕಾ. ಎಸೆಯೋಕೂ ಕೈ ಬರಲಿಲ್ಲ," ಎಂದ ತಮ್ಮ.

ಗಂಡ ಅದನ್ನು ಕಿತ್ತುಕೊಂಡ. "ಕಬ್ಬಿಣ ನನ್ನ ಕೈಗೆ ಹೊಸದಾ? ಅರ್ಧ ಗಂಟೇಲಿ ಕೂದಲು ಸೀಳೋ ಹಾಗೆ ಮಾಡ್ತೀನಿ."

ಅರ್ಧ ಗಂಟೆ ಮೂರು ದಿನವಾಯಿತು. ಅವನು ಅರ ಹಾಕಿ ತಿಕ್ಕುವಂತೆ ಸಾಣೆಕಲ್ಲಿಗೆ ಅಲಗನ್ನು ಒತ್ತಿ ಒತ್ತಿ ತಿಕ್ಕಿದ. ಸಾಸಿವೆಯಷ್ಟಿದ್ದ ಮುಕ್ಕು ಅಕ್ಕಿಕಾಳಿನಷ್ಟಾಯಿತು. ಮೂರನೆಯ ದಿನ ಕತ್ತಿ ಜಾರಿ ಹೆಬ್ಬೆರಳ ಬುಡ ಎಲುಬಿನವರೆಗೂ ಬಿರಿಯಿತು. ಕೈಗೆ ಸಿಕ್ಕ ಸಾಣೆಕಲ್ಲನ್ನೇ ಅವಳತ್ತ ಎಸೆದ. ಅವಳು ತಲೆ ತಗ್ಗಿಸಿದಳು. ಹಿಂದಿದ್ದ ಕನ್ನಡಿ ಚೂರುಚೂರಾಗಿ ಅವಳ ಕೂದಲಿಗೆ ಸುರಿಯಿತು.

"ನಿಮ್ಮಪ್ಪನ ಕತ್ತಿ ನಿಮ್ಮಪ್ಪನ ಹಾಗೇ, ಯಾವ ಕೆಲಸಕ್ಕೂ ಬಾರದ್ದು," ಎಂದು ಬೆರಳಿಗೆ ಟವೆಲ್ ಸುತ್ತಿಕೊಂಡು ಹೊಲಿಗೆ ಹಾಕಿಸಲು ಹೊರಟುಹೋದ.

ಅವಳು ಗಾಜು ಗುಡಿಸಿದಳು. ಕಲ್ಲಿನ ಒಂದು ಮೂಲೆ ಮಾತ್ರ ಹಾರಿತ್ತು. ಅದನ್ನು ತೊಳೆದು ಎದುರಿಗಿಟ್ಟುಕೊಂಡು ತಮ್ಮನಿಗೆ ಫೋನ್ ಮಾಡಿದಳು.

"ಅಪ್ಪ ನಿನಗೆ ಏನೇನು ಹೇಳಿಕೊಟ್ಟಿದ್ದ?"

"ಹೇಳಿಕೊಟ್ಟಿದ್ದಕ್ಕಿಂತ ಬೈದಿದ್ದೇ ಜಾಸ್ತಿ. ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿನ ಮೇಲೆ ಮಲಗಿರಬೇಕು. ಬಾಯಿ ಮುಂದೆ ಮಾಡಿ ತಳ್ಳು. ತಿರುಗಿಸುವಾಗ ಬೆನ್ನಿನ ಮೇಲೇ ಹೊರಳಿಸು. ಒತ್ತಬೇಡ. ಕತ್ತಿಯ ತೂಕವೇ ಸಾಕು."

ಅಂದಿನಿಂದ ಕೆಲಸಕ್ಕೆ ಹೊರಡುವ ಮೊದಲು ಅರ್ಧ ಗಂಟೆ ಅವಳು ಕಿಟಕಿಯ ಕೆಳಗೆ ಕೂರುತ್ತಿದ್ದಳು. ಇಪ್ಪತ್ತು ವರ್ಷ ಕಾಗದ ಮಡಿಸಿದ ಕೈಗೆ ಹಗುರವಾಗಿ ಸಾಗುವುದು ಗೊತ್ತಿತ್ತು. ಬಲಗಿವಿಯನ್ನು ಕಲ್ಲಿನ ಹತ್ತಿರ ತಂದರೆ ಮುಕ್ಕು ಹಾದುಹೋಗುವಾಗ ಟಿಕ್ ಎನ್ನುವುದು ಕೇಳಿಸುತ್ತಿತ್ತು.

"ನೀನೂ ಅಂಗಡಿ ಇಡ್ತೀಯೇನು?" ಎಂದು ಗಂಡ ನೀರಿನ ಬಟ್ಟಲು ಒದೆಯುತ್ತಿದ್ದ. ಒಮ್ಮೆ ಅವಳ ಮುಂಗೈ ಮೇಲೆ ಕಾಲಿಟ್ಟು ನಿಂತುಕೊಂಡ. ಕಾಲು ಎತ್ತುವವರೆಗೂ ಕಾದಳು. ಎತ್ತಿದ ಮೇಲೆ ಬಟ್ಟಲಿಗೆ ನೀರು ತುಂಬಿ ಮತ್ತೆ ಕೂತಳು. ಆದರೆ ಅಂಥ ದಿನ ಅವಳ ಕೈ ಅವಳಿಗೇ ತಿಳಿಯದೆ ಒತ್ತಿಬಿಡುತ್ತಿತ್ತು. ವಾರದ ಕೆಲಸ ಒಂದೇ ಗಳಿಗೆಯಲ್ಲಿ ಹಾಳು. ಆದ್ದರಿಂದ ಏಟು ತಿಂದ ದಿನ ಕಲ್ಲು ಮುಟ್ಟಬಾರದೆಂದು ನಿಯಮ ಮಾಡಿಕೊಂಡಳು. ಆ ತಿಂಗಳು ಅವಳು ಕಲ್ಲು ಮುಟ್ಟಿದ್ದು ಹನ್ನೊಂದೇ ದಿನ.

ಎರಡು ತಿಂಗಳಿಗೆ ಮುಕ್ಕು ಹೋಯಿತು. ನುಣುಪು ಕಲ್ಲೊಂದನ್ನು ತಂದು ಅದರ ಮೇಲೂ ಎಳೆದಳು. ಒಂದು ಭಾನುವಾರ ಬೆಳಗ್ಗೆ ಅಲಗು ಸೋಕಿಸಿ ನೋಡಿದರೆ ಮುಂಗೈ ಕೂದಲು ಸದ್ದಿಲ್ಲದೆ ಉದುರಿತು. ಅವಳಿಗೆ ನಗು ಬಂತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಗಳು ಬಂದಳು. ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು, ಕಿವಿಯ ಮೇಲೆ ಒಂದು ಹಿಡಿ ಕೂದಲು ಕಿತ್ತ ಜಾಗ ಕೆಂಪಗಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಅಳಿಯನ ಕೆಲಸ.

"ನನ್ನ ಮಗಳ ಮೇಲೆ ಕೈ ಮಾಡ್ತಾನಾ? ಕುತ್ತಿಗೆ ಕುಯ್ದು ಬರ್ತೀನಿ," ಎಂದು ಗಂಡ ಕಲ್ಲಿನ ಪಕ್ಕದಲ್ಲಿದ್ದ ಕತ್ತಿಗೆ ಕೈ ಹಾಕಿದ.

ಅವಳು ಬಾಗಿಲಿಗೆ ಅಡ್ಡ ನಿಂತಳು. "ಕೆಳಗಿಡಿ."

"ದಾರಿ ಬಿಡು!"

"ಅವನನ್ನ ಕುಯ್ಯೋಕೆ ಹೊರಟಿದ್ದೀರಲ್ಲ, ನಿಮ್ಮನ್ನ ಯಾರು ಕುಯ್ಯಬೇಕಿತ್ತು ಹೇಳಿ."

ಅವನು ಎಡಗೈ ಬೀಸಿದ. ಏಟು ಬಲಗಿವಿಗೇ ಬಿತ್ತು. ತಲೆಯೊಳಗೆ ಸಿಳ್ಳೆ ಎದ್ದು ಉಳಿದ ಸದ್ದೆಲ್ಲ ಮುಳುಗಿತು. ಇದೂ ಹೋಯಿತು ಎಂದುಕೊಳ್ಳುತ್ತ ಅವಳು ಕಲ್ಲಿನ ಪಕ್ಕಕ್ಕೇ ಉರುಳಿದಳು. ಅವನು ಅವಳನ್ನು ದಾಟಿದ. ತಡೆಯಲು ಬಂದ ಮಗಳ ತೋಳಿಗೆ ಅಲಗು ತಾಗಿತು. ಮೊದಲು ಎಳೆಯಂಥ ಗೆರೆ, ಮರುಕ್ಷಣ ಮೊಣಕೈಯಿಂದ ತೊಟ್ಟಿಕ್ಕುವ ರಕ್ತ.

ಅವಳು ಎದ್ದು, ಒದ್ದೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಕತ್ತಿ ಹಿಡಿದ ಅವನ ಮಣಿಕಟ್ಟಿನ ಮೇಲೆ ಬಿಟ್ಟಳು. ಎಲುಬು ಮುರಿದದ್ದು ಅವಳಿಗೆ ಕೇಳಿಸಲಿಲ್ಲ, ಕಲ್ಲಿನ ಮೂಲಕ ಕೈಗೆ ತಿಳಿಯಿತು. ಕತ್ತಿ ಬಿತ್ತು. ಅವನು ಮಂಡಿಯೂರಿದ. ಎರಡನೆಯ ಏಟು ಹೆಗಲೆಲುಬಿಗೆ. ಮೂರನೆಯದಕ್ಕೆ ತಲೆಯ ನೇರಕ್ಕೆ ಎತ್ತಿದ್ದಳು.

"ಅಮ್ಮಾ, ಸಾಕು!"

ಕೇಳಿಸಿತು. ಎಲ್ಲೋ ದೂರದಿಂದ ಬಂದಂತೆ, ಆದರೂ ಕೇಳಿಸಿತು. ಕಲ್ಲು ಇಳಿಸಿದಳು.

ಆಸ್ಪತ್ರೆಯಲ್ಲಿ ಅವನು ಬಚ್ಚಲಲ್ಲಿ ಜಾರಿಬಿದ್ದೆ ಎಂದ. ಹೆಂಗಸಿನ ಕೈಯಲ್ಲಿ ಏಟು ತಿಂದೆ ಎನ್ನಲು ನಾಲಗೆ ಹೊರಳಲಿಲ್ಲ. ಡಾಕ್ಟರಮ್ಮ ಮಗಳ ತೋಳು ನೋಡಿದರು, ತಾಯಿಯ ಕಿವಿ ನೋಡಿದರು. "ಎಲ್ಲರೂ ಒಟ್ಟಿಗೇ ಬಿದ್ದಿರಾ?" ಎಂದರು.

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಆ ಕೈಯಲ್ಲಿ ಅವನು ಇನ್ನು ಸ್ಪ್ಯಾನರ್ ಹಿಡಿಯಲಾರ. ತಾಯಿ ಮಗಳು ಅಳಿಯನ ಮೇಲೆ ದೂರು ಕೊಟ್ಟು, ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಗಂಡ ಹಳೆಯ ಮನೆಯಲ್ಲೇ ಉಳಿದ. ಅವನ ಬಗ್ಗೆ ಅವಳಿಗೆ ಮರುಕ ಹುಟ್ಟಲಿಲ್ಲ, ಗೆದ್ದೆನೆಂಬ ಹಿಗ್ಗೂ ಇರಲಿಲ್ಲ. ಕೆಲವು ದಿನ ಬೆಳಗ್ಗೆ ಮಾತ್ರ ಆ ಮೂರನೆಯ ಏಟಿನ ಭಾರ ತೋಳುಗಳಲ್ಲಿ ಎದ್ದು ನಿಲ್ಲುತ್ತಿತ್ತು.

"ಅವಳು ಕೂಗದೇ ಇದ್ದಿದ್ರೆ ಹಾಕಿಬಿಡ್ತಿದ್ದೆ ಕಣೋ," ಎಂದಳು ತಮ್ಮನಿಗೆ.

ಬಿದ್ದ ಕತ್ತಿಯ ತುದಿಯಲ್ಲಿ ಹೊಸ ಮುಕ್ಕು ಬಂದಿತ್ತು. ಅವಳು ಮೊದಲಿನಿಂದ ಶುರುಮಾಡಿದಳು. ಈ ಸಲ ಕೈ ತಡೆಯುವವರಿರಲಿಲ್ಲ; ಆದರೂ ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ತಮ್ಮನೇ ಮುಖಕ್ಕೆ ಸೋಪು ಹಚ್ಚಿಕೊಂಡು ಕುರ್ಚಿಯಲ್ಲಿ ಕೂತ.

"ನನ್ನ ಮಕ್ಕಳಿನ್ನೂ ಚಿಕ್ಕವು ಅಕ್ಕಾ, ನೆನಪಿರಲಿ."

"ಬಾಯಿ ಮುಚ್ಚು, ನೊರೆ ಒಳಗೆ ಹೋಗತ್ತೆ."

ಕೆನ್ನೆ ನುಣ್ಣಗೆ ಬಂತು. ಗದ್ದದ ಕೆಳಗೆ ಕತ್ತಿ ಕೂದಲನ್ನು ಕಚ್ಚಿ ಎಳೆಯಿತು; ತಮ್ಮ ಹೋ ಎಂದು ಕುರ್ಚಿಯಿಂದ ಎದ್ದೇಬಿಟ್ಟ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಲಗಿವಿಯಕ್ಕ ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಿಡಿಯ ಹತ್ತಿರ ಬಾಯಿ ಇನ್ನೂ ಸ್ವಲ್ಪ ಮೊಂಡಾಗಿದೆ. ಅಲ್ಲಾಡದೆ ಕೂತಿರು, ಸೋಪು ಒಣಗೋದರೊಳಗೆ ಬಂದೆ," ಎಂದು ಕಲ್ಲು ನೆನೆಸಲು ಹೋದಳು.