ರಾಜ್ಯಸಭೆಯ ಮೇಲೆ ಕಟ್ಟಿದ ಪಂಥ

ದೇವರಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬದಿದ್ರೆ ಎದ್ದು ಹೋಗಿ. ಎಪ್ಪತ್ತನೇ ಇಸವಿ. ಕಾರ್ಕಳ-ಉಡುಪಿ ಬಸ್ಸಿಗೆ ನಾನು ಡ್ರೈವರ್. ಆ ರೂಟಿನಲ್ಲಿ ನನ್ನೆದುರು ಬಾಯಿ ಬಿಡುವವರೇ ಇರಲಿಲ್ಲ. ಹಿರಿಯಡ್ಕದಲ್ಲಿ ಚಾ ಕುಡಿಯುವಾಗ ಹೋಟ್ಲಿನ ರೇಡಿಯೋ ಹೇಳಿತು, ರಾಜರಿಗೆ ಸರಕಾರ ಕೊಡುವ ಹಣ ನಿಲ್ಲಿಸುವ ಮಸೂದೆ ಲೋಕಸಭೆಯಲ್ಲಿ ಪಾಸಾಯ್ತು ಅಂತ.

"ಮುಗೀತು, ಕಾನೂನಾಯ್ತು!" ಅಂದೆ.

ಪಕ್ಕದಲ್ಲಿದ್ದ ಬಟ್ಟೆ ವ್ಯಾಪಾರದ ಮುದುಕ ಬ್ಯಾರಿ ನಕ್ಕ. "ಎಲ್ಲಿ ಆಯ್ತು ಡ್ರೈವರ್ರೇ? ರಾಜ್ಯಸಭೆ ಉಂಟಲ್ವಾ? ನೀವು ಗೇರ್ ಹಾಕಿದ್ರೂ ಕಂಡಕ್ಟರ್ ರೈಟ್ ಅನ್ನದೆ ಬಸ್ ಹೊರಡ್ತದಾ?"

"ನಾನು ಗೇರ್ ಹಾಕಿದ ಮೇಲೇ ನನ್ನ ಕಂಡಕ್ಟರ್ ರೈಟ್ ಹೇಳುದು ಸಾಹೇಬ್ರೇ! ರಾಜ್ಯಸಭೆಯಲ್ಲೂ ಪಾಸಾಗ್ತದೆ, ಹತ್ತು ರೂಪಾಯಿ ಪಂಥ!"

"ಆಯ್ತು ಮಾರಾಯ್ರೆ."

ಮೂರು ದಿನ ಬಿಟ್ಟು ಅದೇ ರೇಡಿಯೋ ಹೇಳಿತು, ಮಸೂದೆ ರಾಜ್ಯಸಭೆಯಲ್ಲಿ ಬಿತ್ತು. ಸಂವಿಧಾನ ತಿದ್ದಲಿಕ್ಕೆ ಎರಡೂ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ವೋಟು ಬೇಕಂತೆ. ಒಂದೇ ಒಂದು ವೋಟು ಕಡಿಮೆಯಾಯ್ತು. ಮುದುಕ ಆ ದಿನವೂ ಅಲ್ಲೇ ಕೂತಿದ್ದ.

"ಒಂದು ವೋಟಿಗೆಲ್ಲ ಎಂತ ಸಾಹೇಬ್ರೇ, ಬಿಟ್ಟುಬಿಡಿ" ಅಂದೆ.

"ಒಂದು ನಿಮಿಷ ತಡವಾಗಿ ಓಡಿ ಬಂದವನಿಗೆ ನೀವು ಬಸ್ ನಿಲ್ಲಿಸ್ತೀರಾ?"

ನಾನು ಯಾವತ್ತೂ ನಿಲ್ಲಿಸಿದವನಲ್ಲ. ರಾಜರಿಗೆ ಎಷ್ಟು ಉಳಿಯಿತೋ ನನಗೆ ಗೊತ್ತಿಲ್ಲ. ನನಗೆ ಹೋದದ್ದು, ಮುದುಕನ ಚಾ ಸೇರಿ, ಹತ್ತು ರೂಪಾಯಿ ಹದಿನೈದು ಪೈಸೆ.