ರೇ ತಾತನ ಕೆರೆ

ರೇ ತಾತನ ಬಾಯಿಂದ ಕತೆ ಹೊರಡಬೇಕಾದರೆ ಅಂಗೈ ಮೇಲೆ ಚಿಟಿಕೆ ಹೊಗೆಸೊಪ್ಪು ಬೀಳಬೇಕಿತ್ತು. ಸೇದುವುದಕ್ಕಲ್ಲ, ಹಿರಿಯರನ್ನು ಏನಾದರೂ ಕೇಳುವ ಮುಂಚೆ ಹಾಗೆ ಕೊಡುವುದು ಇಲ್ಲಿನ ಮೂಲನಿವಾಸಿಗಳಾದ ಅವರ ಒಜಿಬ್ವೆ ಜನರ ಮರ್ಯಾದೆ. ಮಿಲ್ ಕ್ರೀಕ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ವಿಮಾನದ ಕಾರ್ಖಾನೆಯಲ್ಲಿ ಬೋಲ್ಟು ಬಿಗಿದು ನಿವೃತ್ತರಾದವರು ತಮ್ಮ ಅಂಗಿಯ ಗುಂಡಿಯನ್ನು ಮಾತ್ರ ಎಂದೂ ಸರಿಯಾಗಿ ಹಾಕಿದವರಲ್ಲ.

ಅವರ ಮುತ್ತಜ್ಜ ಮಿನೆಸೋಟ ರಾಜ್ಯದ ಒಂದು ಕೆರೆಯ ಸುತ್ತಲಿನವರಿಗೆ ಮುಖ್ಯಸ್ಥ. ನನ್ನ ಮಗಳು ಅನಘಾ ಸ್ಕೂಲ್ ಪ್ರಾಜೆಕ್ಟಿಗೆ ಆ ಮುತ್ತಜ್ಜನನ್ನೇ ಆರಿಸಿ, ಪಾಠಪುಸ್ತಕ ನೋಡಿ ‘ನೆಲವನ್ನು ಸರ್ಕಾರಕ್ಕೆ ಮಾರಿದರು’ ಎಂದು ಬರೆದಿದ್ದಳು. ಅದನ್ನು ಓದಿ ತಾತ ಕನ್ನಡಕ ಇಳಿಸಿದರು.

“ಈ ಸುಳ್ಳನ್ನ ಕ್ಲಾಸಲ್ಲಿ ಓದಬೇಡ ಮಗು. ನಿಜ ನಾನು ಹೇಳ್ತೀನಿ,” ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ ನನ್ನತ್ತ ಕೈ ಚಾಚಿದರು.

ಮನೆಯಲ್ಲಿ ಹೊಗೆಸೊಪ್ಪಿರಲಿಲ್ಲ; ನಮ್ಮ ಕಡೆಯ ಮರ್ಯಾದೆಯಂತೆ ಓಡಿಹೋಗಿ ಎಲೆ ಅಡಿಕೆ ತಂದೆ. ಮೂಸಿದರು. “ಚೆನ್ನಾಗಿದೆ. ಹೊಗೆಸೊಪ್ಪೆಲ್ಲಿ?”

ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಓದಿದ ನಾನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ತಲೆ ತಗ್ಗಿಸಿ ಪೊಟ್ಟಣ ಕೇಳಿದೆ. ಹಿಂದೆಯೇ, ಪಕ್ಕದೂರು ಬಾಥೆಲ್‌ನ ದೇವಸ್ಥಾನದಲ್ಲಿ ಸಿಗುವ ಸುಮಾ!

“ಏನ್ರೀ, ಯಜಮಾನರಿಗಾ?”

“ಇಲ್ಲಾರೀ, ಪಕ್ಕದ್ಮನೆ ತಾತನಿಗೆ.”

“ಎಲ್ಲಾರೂ ಹಂಗೇ ಹೇಳೋದು ಬಿಡ್ರೀ!”

ಅಂತೂ ಕತೆ ಬಂತು. ನೆಲದ ಕರಾರುಪತ್ರಕ್ಕೆ ಮುತ್ತಜ್ಜ ಸಹಿ ಹಾಕಿರಲೇ ಇಲ್ಲ. ಸಹಿಯ ಜಾಗದಲ್ಲಿ ಕತ್ತರಿ ಗುರುತು ಗೀಚಿದವನು ಸರ್ಕಾರದ ಗುಮಾಸ್ತ. ಮುತ್ತಜ್ಜ ಪೆನ್ನಿನ ತುದಿ ಮುಟ್ಟಿದ್ದರು, ಅಷ್ಟೇ. “ಪಕ್ಕದ ಮನೆ ನಾಯೀನ ಸವರ್ತೀವಲ್ಲ, ಹಾಗೆ. ಮರ್ಯಾದೆಗೆ,” ಎಂದರು ತಾತ. ಮುಂದಿನ ಸುಗ್ಗಿಗೆ ಮುತ್ತಜ್ಜ ಎಂದಿನಂತೆ ದೋಣಿಯಲ್ಲಿ ಕುಳಿತು ಕೆರೆಯ ನೀರಲ್ಲಿ ತಾನೇ ಬೆಳೆಯುವ ಕಾಡು ಅಕ್ಕಿಯ ತೆನೆ ಬಡಿಯುತ್ತಿದ್ದಾಗ ಅಧಿಕಾರಿ ಬಂದು, ಕೆರೆ ಈಗ ನಮ್ಮದು ಎಂದನಂತೆ. “ಹಾಗಾದ್ರೆ ಎತ್ಕೊಂಡು ಹೋಗು” ಎಂದರಂತೆ ಮುತ್ತಜ್ಜ. ಸರ್ಕಾರದವರು ಕೆರೆಯನ್ನು ಎತ್ತಲಿಲ್ಲ, ಅಣೆಕಟ್ಟು ಕಟ್ಟಿದರು. ನೀರೇರಿ ಅಕ್ಕಿ ಮುಳುಗಿತು. ಕತೆ ಇಲ್ಲಿಗೆ ಬಂದಾಗ ತಾತ ನಗಲಿಲ್ಲ.

ಕ್ಲಾಸಿಗೆ ತಾವೂ ಬರುವುದಾಗಿ ಹೇಳಿದ್ದ ತಾತ ಆ ವಾರವೇ ಆಸ್ಪತ್ರೆ ಸೇರಿದರು. ಅನಘಾ ಒಬ್ಬಳೇ ಹೇಳಿದಳು. ಯಾವ ಪುಸ್ತಕದಲ್ಲಿದೆ ಎಂದು ಟೀಚರ್ ಕೇಳಿದ್ದಕ್ಕೆ, “ಇಟ್ಸ್ ನಾಟ್ ಇನ್ ಎ ಬುಕ್. ರೇ ತಾತ ಟೋಲ್ಡ್ ಮಿ,” ಎಂದಳಂತೆ.

ಸಂಜೆ ಆಸ್ಪತ್ರೆಯಲ್ಲಿ ತಾತ ಅದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. “ಮಾರಿದರು ಅನ್ನಲಿಲ್ಲ ತಾನೇ?”

“ನೋ!”

“ಕೆರೆಯ ಹೆಸರು ಹೇಳಿದೆಯಾ?”

“ಬಟ್ ಯು ನೆವರ್ ಟೋಲ್ಡ್ ಅಸ್!”

“ಹೌದಾ? ಒಳ್ಳೇದೇ ಆಯ್ತು. ಹೇಳಿದ್ದಿದ್ರೆ ಯಾರಾದ್ರೂ ಅಲ್ಲಿ ಮನೆ ಕಟ್ಟೋಕೆ ಹೊರಡ್ತಿದ್ರು. ನಾಳೆ ಬಾ, ಕಿವೀಲಿ ಹೇಳ್ತೀನಿ.”

ಬೆಳಿಗ್ಗೆ ಹೋದಾಗ ಮಂಚ ಖಾಲಿಯಿತ್ತು.

ಮನೆಗೆ ಬಂದು ಅನಘಾ ಮಿನೆಸೋಟದ ಭೂಪಟ ಹರಡಿದಳು. ಎಲ್ಲಿ ನೋಡಿದರೂ ಕೆರೆ. ಒಂದೊಂದರ ಮೇಲೂ ಬೆರಳಿಟ್ಟು, ಅಪರೂಪಕ್ಕೆ ಕನ್ನಡದಲ್ಲೇ ಕೇಳುತ್ತ ಹೋದಳು, “ಅಮ್ಮಾ, ಇದಾ?”